ರಾಜಾಸಾಬನ ಪರದೇಶದ ವಾರ್ನಿಶ್

ಫೆಬ್ರವರಿ ಹತ್ತರ ಬೆಳಿಗ್ಗೆ, ಹಾಜರಿ ಕರೆಯುವ ಮೊದಲು, ಅಂಜಲಿ ತನ್ನ ಡೈರಿಯಲ್ಲಿ ಒಂದೇ ಸಾಲು ಬರೆದಳು: ‘ನಿನ್ನೆ ನಾನು ನಂಬದ ಮಾತೊಂದನ್ನು ಪಂಚನಾಮೆಯಲ್ಲಿ ಬರೆದೆ.’ ಬರೆದ ಮೇಲೆ ಯಾರಾದರೂ ಓದಿಯಾರೆಂದು ಪುಟವನ್ನು ಮೊಣಕೈಯಿಂದ ಮುಚ್ಚಿಕೊಂಡಳು.

ನವಲಿಯ ಈ ಹುಡುಗಿ ಬಿ.ಎ. ಮುಗಿಸಿ, ಗಂಗಾವತಿಯ ಭತ್ತದ ಮಂಡಿ ಠಾಣೆಗೆ ಮಹಿಳಾ ಕಾನ್‌ಸ್ಟೆಬಲ್ ಆಗಿ ಬಂದು ಎಂಟು ತಿಂಗಳಾಗಿತ್ತು. ಅಕ್ಷರ ಮುತ್ತಿನಂತಿದ್ದುದರಿಂದ ಠಾಣೆಯ ಬರವಣಿಗೆಯೆಲ್ಲ ಅವಳ ಪಾಲಿಗೇ ಬಂದಿತ್ತು. ಕೈಗೆ ಇದ್ದ ಧೈರ್ಯ ಬಾಯಿಗಿರಲಿಲ್ಲ. ಇನ್‌ಸ್ಪೆಕ್ಟರ್ ಹನುಮಂತಪ್ಪನವರ ಎದುರು ನಿಂತರೆ ಮಾತು ಗಂಟಲಲ್ಲೇ ಕಾಲು ಮುರಿದುಕೊಂಡು ಕೂರುತ್ತಿತ್ತು.

ದೂರು ಬಂದದ್ದು ಹಿಂದಿನ ದಿನ, ಸೋಮವಾರ ಬೆಳಿಗ್ಗೆ 9.40ಕ್ಕೆ. ದೂರುದಾರ ರಾಜಾಸಾಬ, ವಯಸ್ಸು ಅರವತ್ತೆರಡು, ಮೊದಲು ಲಾರಿ ಚಾಲಕ.

“ಲಾರಿ ಕಳುವಾಗೈತ್ರಿ ಸಾಹೇಬ್ರ.”

“ನಂಬರ್ ಹೇಳು.”

“ಚಿಕ್ಕದರಿ. ಒಂದೂವರಿ ಗೇಣು ಉದ್ದ ಐತಿ.”

ಪಹರೆಯವನು ನಕ್ಕ. ರಾಜಾಸಾಬ ನಗಲಿಲ್ಲ. ಮೂವತ್ತು ವರ್ಷ ಭತ್ತ ಹೊತ್ತ ತನ್ನ ಹಸಿರು ಲಾರಿಯನ್ನು ಇಪ್ಪತ್ನಾಲ್ಕು ಪಟ್ಟು ಕಿರಿದಾಗಿಸಿ, ತಗಡು ಕತ್ತರಿಸಿ, ಏಳು ತಿಂಗಳು ಕೂತು ಮಾಡಿದ್ದ. ಅದರ ಹಣೆಯ ಮೇಲೆ ತೀರಿಹೋದ ಹೆಂಡತಿಯ ಹೆಸರು, ‘ಜೈನಾಬೀ’. ಹನ್ನೆರಡನೇ ತಾರೀಖಿಗೆ ಕೊಪ್ಪಳದ ಮಾದರಿ ಪ್ರದರ್ಶನಕ್ಕೆ ಇಡಬೇಕಿತ್ತು. ಭಾನುವಾರ ಕುಷ್ಟಗಿಗೆ ಒಂದು ನಿಖಾಕ್ಕೆ ಹೋಗಿ ಬರುವಷ್ಟರಲ್ಲಿ ಮೇಜು ಖಾಲಿ. ಬೀಗ ಮುರಿದಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಓಣಿಯ ಇಬ್ಬರನ್ನು ಕರೆದರು: ಚಹಾದಂಗಡಿಯ ಬಾಲಪ್ಪ ಮತ್ತು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ವಿರುಪಾಕ್ಷಿ. ಮೇಷ್ಟ್ರು ಹೊರಗಿನವರೇನಲ್ಲ. ಹನ್ನೆರಡು ವರ್ಷದಿಂದ ರಾಜಾಸಾಬನ ಮೇಜಿನ ಇನ್ನೊಂದು ಬದಿಗೆ ಕೂತವರು. ನಕ್ಷೆ ಅವರದು, ಕೈಕೆಲಸ ರಾಜಾಸಾಬನದು.

“ಕೀಲಿ ಯಾರ ಹತ್ರ ಇರ್ತೈತಿ?” ಇನ್‌ಸ್ಪೆಕ್ಟರ್ ಕೇಳಿದರು.

ರಾಜಾಸಾಬ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು, “ದುರುಗವ್ವನ ಹತ್ರ ಒಂದೈತ್ರಿ. ಕಸಾ ಹೊಡಿಯಾಕ ಬರ್ತಾಳ.”

ಮೇಜಿನ ಮೇಲೆ ಚೀಟಿ ಹರಿದ ಬಾಟಲಿಯೊಂದಿತ್ತು. “ಬಣ್ಣದ ಮ್ಯಾಲ ಹೊಳಪಿಗೆ ಹಚ್ಚೋದು. ಪರದೇಶದ ವಾರ್ನಿಶ್ ಅಂತ ಬರಿ ತಾಯಿ,” ಎಂದ ರಾಜಾಸಾಬ. ಅಂಜಲಿ ಬಗ್ಗಿ ಮೂಸಿದಳು. ತರಬೇತಿ ಶಾಲೆಯಲ್ಲಿ ಶನಿವಾರಕ್ಕೊಮ್ಮೆ ದೊಡ್ಡ ಹಾಲ್‌ನ ನೆಲಕ್ಕೆ ಅವರೆಲ್ಲ ಮಂಡಿಯೂರಿ ಹಚ್ಚುತ್ತಿದ್ದ ಪಾಲಿಶ್‌ನ ವಾಸನೆ ಅದು. ಅವಳು ಕೆಳಗೆ ನೋಡಿದಳು. ರಾಜಾಸಾಬನ ಮನೆಯ ಶಹಾಬಾದ್ ಕಲ್ಲಿನ ನೆಲ ಬೂದಿ ಬಳಿದಂತೆ ಮಂಕಾಗಿತ್ತು. ಆದರೂ ಪೆನ್ನು ‘ಪರದೇಶದ ವಾರ್ನಿಶ್’ ಎಂದೇ ಬರೆಯಿತು.

ಮಧ್ಯಾಹ್ನ ದುರುಗವ್ವನ ಗುಡಿಸಲಿನಲ್ಲಿ ಲಾರಿ ಸಿಗಲಿಲ್ಲ. ಸಿಕ್ಕದ್ದು ನೆಲದ ಪಾಲಿಶ್‌ನ ಒಂದು ಬಾಟಲಿ.

“ಯಾರದಿದು?”

“ರಾಜಾಸಾಬಂದರಿ. ಪ್ಯಾಟಿಯಿಂದ ತಾ ಅಂದಿದ್ದ. ಅಂವ ಊರಾಗಿರಲಿಲ್ಲ, ಇಟ್ಟಿದ್ದೆ.”

ಇನ್‌ಸ್ಪೆಕ್ಟರ್ ಜೊತೆಗೆ ಬಂದಿದ್ದ ರಾಜಾಸಾಬನ ಕಡೆ ತಿರುಗಿದರು. “ಹೌದೇನೋ?”

ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು. ರಾಜಾಸಾಬ ತನ್ನ ಚಪ್ಪಲಿ ನೋಡಿಕೊಂಡ. “ನಂಗ ಗೊತ್ತಿಲ್ರಿ.”

ಅಲ್ಲಿಗೆ ಅನುಮಾನಕ್ಕೆ ಕಾಲು ಬಂತು. ಬಾಟಲಿ ಕದ್ದವಳು ಲಾರಿ ಬಿಟ್ಟಾಳೆಯೇ, ಎಂದಿತು ಠಾಣೆ.

ಮರುದಿನ ಬೆಳಿಗ್ಗೆಯಿಂದ ದುರುಗವ್ವ ಠಾಣೆಯ ಬೆಂಚಿನ ಮೇಲೆ. ಅಂಜಲಿ ಚಹಾ ಕೊಟ್ಟಳು. ಮುದುಕಿ ಕುಡಿಯಲಿಲ್ಲ.

“ನಾಕು ಮನಿ ಕೆಲಸ ಇತ್ತವಾ. ಎರಡು ಮನಿಯವ್ರು ನಾಳಿಂದ ಬರಬ್ಯಾಡ ಅಂದ್ರು. ಬಾಗಲದಾಗ ನಿಂತು ಅಂದ್ರು, ಒಳಗ ಸೈತ ಕರೀಲಿಲ್ಲ.” ಲೋಟವನ್ನು ಪಕ್ಕಕ್ಕೆ ಸರಿಸಿದಳು. “ನೀನೂ ಅವನ ಮನಿ ಹೊಕ್ಕಿದ್ದಿ. ಆ ನೆಲ ಯಾವತ್ತರ ಪಾಲಿಶ್ ಕಂಡೈತೇನು, ನೀನ ಹೇಳು.”

ಅಂಜಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಒಳಗಿನಿಂದ ಕೂಗಿದರು. “ನಾಳೆ ಆ ಹೆಣ್ಣುಮಗಳನ್ನ ಅರೆಸ್ಟ್ ಮಾಡೂದೈತಿ, ಮೆಮೊ ಈಗ ತಯಾರ್ ಮಾಡವಾ.”

ಮೆಮೊ ಬರೆಯಲು ಕೂತ ಅಂಜಲಿ ಹೆಸರಿನ ಕಾಲಂವರೆಗೆ ಬಂದು ನಿಂತಳು. ಒಂದು ಚೀಟಿ ಹರಿದು ಆರು ಸಾಲು ಬರೆದಳು: ಮೇಜಿನ ಬಾಟಲಿಯೂ ದುರುಗವ್ವನ ಬಾಟಲಿಯೂ ಒಂದೇ ವಾಸನೆ, ನೆಲಕ್ಕೆ ಅದನ್ನು ಹಚ್ಚಿಯೇ ಇಲ್ಲ, ರಾಜಾಸಾಬನೇ ಅದನ್ನು ಆಟಿಕೆ ಲಾರಿಗೆ ಹಚ್ಚುತ್ತಿರಬೇಕು, ಕದ್ದವರು ಮೇಲೆ ಬೇರೆ ಬಣ್ಣ ಬಳಿದಿದ್ದರೂ ಅಮೋನಿಯಾ ಬೆರೆಸಿದ ನೀರಿಗೆ ಈ ಪಾಲಿಶ್ ಕರಗಿ ಏಳುತ್ತದೆ, ತರಬೇತಿ ಶಾಲೆಯಲ್ಲಿ ಹಳೆಯ ಪದರ ಹಾಗೆಯೇ ಕಿತ್ತಿದ್ದೇವೆ. ಚೀಟಿಯನ್ನು ಕಡತದೊಳಗಿಟ್ಟು ಕಡತವನ್ನು ಅವರ ಮೇಜಿಗೆ ತಳ್ಳಿ ಹೊರಗೆ ಬಂದಳು.

ಹತ್ತು ನಿಮಿಷಕ್ಕೆ ಕರೆ ಬಂತು. “ಇದನ್ನ ಬಾಯಿಲೆ ಹೇಳಾಕ ಏನಾಗಿತ್ತು? ಠಾಣೆ ಇದು, ಅಂಚೆ ಕಚೇರಿ ಅಲ್ಲ.” ಅಷ್ಟು ಹೇಳಿ ರಾಜಾಸಾಬನನ್ನು ಕರೆಸಿದರು.

“ಏನು ಹಚ್ಚತಿ ಲಾರಿಗೆ?”

“ಪರದೇಶದ...”

“ಇನ್ನೊಮ್ಮೆ ಕೇಳ್ತೀನಿ.”

ಮುದುಕ ಬಹಳ ಹೊತ್ತು ಟೋಪಿ ತಿರುವಿದ. “ನೆಲದ ಪಾಲಿಶ್ ರಿ. ಬ್ರಶ್‌ಲೆ ಎರಡು ಸಲ ಎಳದ್ರ ಗಾಜಿನಂಗ ಕೂಡತೈತಿ. ಜಿಲ್ಲಾದಾಗಿನ ಮಂದಿ ಹೊಳಪು ಹ್ಯಾಂಗ ಬಂತು ಅಂತ ಕೇಳ್ತಾರ. ನೆಲಾ ಒರಸೋದು ಅಂದ್ರ ನಗೂದಿಲ್ಲೇನ್ರಿ?”

“ನಿನ್ನ ನೋಡಿ ಮಂದಿ ನಗಬಾರದಂತ ಆಕಿ ಜೈಲಿಗೆ ಹೋಗಬೇಕೇನು?”

ರಾಜಾಸಾಬ ಟೋಪಿ ತಲೆಗೆ ಹಾಕಿಕೊಂಡ, ಮತ್ತೆ ತೆಗೆದ.

“ಮತ್ಯಾರಿಗೆ ಗೊತ್ತಿತ್ತು?”

“ತಂದು ಕೊಡೋ ದುರುಗವ್ವಗ ಅಷ್ಟ. ವಿರುಪಾಕ್ಷಿಗೂ ಹೇಳಿಲ್ರಿ.”

ಹನ್ನೆರಡನೇ ತಾರೀಖು, 11 ಗಂಟೆ, ಕೊಪ್ಪಳ. ಕದ್ದವರು ಲಾರಿಯನ್ನು ಪ್ರದರ್ಶನಕ್ಕೇ ತಂದಿರಬಹುದೆಂದು ಇನ್‌ಸ್ಪೆಕ್ಟರ್ ಅಂಜಲಿಯನ್ನು ಕರೆದುಕೊಂಡು ಬಂದಿದ್ದರು. ಪ್ರದರ್ಶನದ ಹಾಲ್‌ನಲ್ಲಿ ಮೂವತ್ತೊಂದು ಮಾದರಿಗಳಿದ್ದವು. ಗುಡಿ, ಸೇತುವೆ, ಎರಡು ವಿಮಾನ. ಲಾರಿ ಒಂದೇ, ಕೆಂಪು ಬಣ್ಣದ್ದು. ಇಟ್ಟವರು ವಿರುಪಾಕ್ಷಿ. ಅರ್ಜಿಯ ‘ಬಳಸಿದ ಸಾಮಗ್ರಿ’ ಕಾಲಂನಲ್ಲಿ ಮೇಷ್ಟ್ರ ಚಂದದ ಅಕ್ಷರ: ‘ಮೇಲ್ಪದರ, ಪರದೇಶದ ವಾರ್ನಿಶ್.’ ಆದರೆ ಲಾರಿಯ ಕೆಂಪಿಗೆ ಹೊಳಪೇ ಇರಲಿಲ್ಲ. ಇನ್‌ಸ್ಪೆಕ್ಟರ್ ಕೈಗವಸು ಹಾಕಿ ಅದನ್ನು ಮಗುಚಿದರು. ಬಣ್ಣ ತಲುಪದ ಅಡಿಭಾಗ ಹಸಿರಾಗಿ, ಗಾಜಿನಂತೆ ಮಿಂಚಿತು.

“ಇದು ನಿಮ್ಮದಾ ಮೇಷ್ಟ್ರ?”

“ನಕ್ಷೆ ನಂದ. ಲಾರಿ ಅಂದ್ರ ಎಲ್ಲಾ ಲಾರಿ ಒಂದ ಥರಾ ಇರ್ತಾವ್ರಿ.”

ಹೊಸ ಇಬ್ಬರು ಪಂಚರನ್ನು ನಿಲ್ಲಿಸಿ, ಮೊಬೈಲ್‌ನಲ್ಲಿ ಚಿತ್ರೀಕರಣ ಶುರುಮಾಡಿದರು. ಅಮೋನಿಯಾ ನೀರಲ್ಲಿ ಅದ್ದಿದ ಹತ್ತಿಯನ್ನು ಅಂಜಲಿ ಲಾರಿಯ ಹಣೆಯ ಮೇಲೆ ಬೆರಳಗಲ ಜಾಗಕ್ಕೆ ಒತ್ತಿ ಹಿಡಿದಳು. ಎರಡು ನಿಮಿಷ. ಪಾಲಿಶ್ ಹಾಲಿನಂತೆ ಬೆಳ್ಳಗಾಯಿತು, ಮೇಲಿದ್ದ ಕೆಂಪು ಸುಕ್ಕುಗಟ್ಟಿ ಹತ್ತಿಗೆ ಅಂಟಿ ಬಂತು. ಕೆಳಗಿನ ಹಸಿರು ಅಸಲಿ ಲಾರಿಗೆ ಬಳಿಯುವ ಬಣ್ಣ, ಅದು ಜಗ್ಗಲಿಲ್ಲ. ಹಸಿರಿನ ಮೇಲೆ ಹಳದಿ ಅಕ್ಷರಗಳು: ಜೈನಾಬೀ.

12.20ಕ್ಕೆ ವಿರುಪಾಕ್ಷಿ ಮೇಷ್ಟ್ರ ಬಂಧನವಾಯಿತು.

ಠಾಣೆಗೆ ಮರಳಿ ಮೇಷ್ಟ್ರ ಹೇಳಿಕೆ ಬರೆದುಕೊಂಡವಳೂ ಅಂಜಲಿಯೇ. ಜೈನಾಬೀ ಕಾಯಿಲೆ ಬಿದ್ದಾಗ ಔಷಧಿ ತಂದಿಡಲೆಂದು ರಾಜಾಸಾಬ ಅವರಿಗೊಂದು ಕೀಲಿ ಕೊಟ್ಟಿದ್ದ, ಆಮೇಲೆ ಮರೆತಿದ್ದ. ಮೇಷ್ಟ್ರು ಮರೆತಿರಲಿಲ್ಲ.

“ನಾನೂ ಒಂದು ಲಾರಿ ಮಾಡಿದ್ದೆ. ಎಷ್ಟು ತಿಕ್ಕಿದ್ರೂ ಮಂಕ. ಪರದೇಶದ ವಾರ್ನಿಶ್ ಅಂತ ಊರೂರು ಹುಡುಕಿದೆ, ರಾಯಚೂರಿಗೂ ಹೋಗಿ ಬಂದೆ,” ಎಂದರು ಮೇಷ್ಟ್ರು, ಕನ್ನಡಕ ಒರೆಸಿಕೊಳ್ಳುತ್ತ. “ಹನ್ನೆರಡು ವರ್ಷ ಅವನ ಎದುರಿಗೆ ಕುಂತೀನಿ. ಕಸಾ ಹೊಡಿಯಾಕಿಗೆ ಗೊತ್ತಿದ್ದದ್ದು ನಂಗ ಹೇಳಲಿಲ್ಲ ನೋಡ್ರಿ ಅಂವ.”

ಹೊರಗೆ ನಿಂತಿದ್ದ ರಾಜಾಸಾಬನಿಗೆ ಅದು ಕೇಳಿಸಿತು. ಅವನು ಒಳಗೆ ಬರಲಿಲ್ಲ.

ಸಂಜೆ 5 ಗಂಟೆಗೆ ದುರುಗವ್ವನನ್ನು ಕರೆಸಿ, ನಿನ್ನ ಮೇಲೆ ಅನುಮಾನವಿಲ್ಲ, ಇನ್ನು ಠಾಣೆಗೆ ಬರಬೇಕಿಲ್ಲ ಎಂದರು. ಅವಳು ಕೈ ಮುಗಿದು, ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಹೋಗುವಾಗ ಅಂಜಲಿಯ ಮೇಜಿನ ಬಳಿ ನಿಂತು, “ನೀ ಛಲೋ ಹುಡುಗಿ ಇದ್ದೀವಾ. ನೀನ ನನ್ನ ಬಿಡಿಸಿದಿ ಅಂತಾರ,” ಎಂದಳು.

ಅಂಜಲಿಯ ಕೈ ಡೈರಿಯ ಕಡೆಗೆ ಹೋಯಿತು, ಅರ್ಧದಲ್ಲಿ ನಿಂತಿತು. ಅವಳು ಎದ್ದು ನಿಂತಳು. ಇನ್‌ಸ್ಪೆಕ್ಟರ್ ಕಡತದಿಂದ ತಲೆ ಎತ್ತುವಷ್ಟು ಗಟ್ಟಿಯಾಗಿತ್ತು ದನಿ.

“ಇಲ್ಲ ದುರುಗವ್ವ. ನಂಗ ಮೊದಲನೇ ದಿನಾನ ಗೊತ್ತಿತ್ತು. ನಾ ಹೇಳಲಿಲ್ಲ.”