ವೀರಮ್ಮ ಟೀಚರ್ ಒಯ್ದ ಕಾದಂಬರಿ

ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ನನ್ನ ಹೊಟ್ಟೆಯುರಿ ನನಗೆ. ಶಿರಾಳಕೊಪ್ಪದ ನಮ್ಮ ಓದುಗರ ಬಳಗಕ್ಕೆಲ್ಲ ಒಬ್ಬ ಲೇಖಕಿಯ ಹುಚ್ಚು. ಕಾದಂಬರಿಗಳ ಕೊನೆಯ ಪುಟಗಳನ್ನೇ ತಿನ್ನುವ ಬೆಕ್ಕಿನ ಕಥೆಯಿರುವ ಅವರ ಕಾದಂಬರಿ ಓದುತ್ತಿದ್ದೆ. ನಾನು ಕೊನೆಯ ಅಧ್ಯಾಯಕ್ಕೆ ಬಂದಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯ ವೀರಮ್ಮ ಟೀಚರ್ ಪುಸ್ತಕ ಕೇಳಿ ಒಯ್ದರು. ಪೂಜೆಯ ವಿಭೂತಿ ಮೆತ್ತಿದ ಮೂರು ಬೆರಳಲ್ಲೇ ಹಾಳೆ ತಿರುವುತ್ತಾರೆಂದು ನನಗೆ ಸಿಟ್ಟು ಬೇರೆ.

ವಾರ ಬಿಟ್ಟು ವಾಪಸ್ ಕೇಳಿದರೆ, “ಕೊನೇ ಅಧ್ಯಾಯ ಒಂದ್ ಉಳದೈತಿ. ನಾಳೆ ಕೊಡ್ತೀನಿ ತಮ್ಮಾ,” ಅಂದವರು ಆ ಸಂಜೆಯೇ ತೀರಿಕೊಂಡರು.

ಸಮಾಧಿಯಲ್ಲಿ ಕೂರಿಸಿದಾಗ ಅವರ ಮಗ ಚನ್ನೇಶ್ ಪುಸ್ತಕವನ್ನು ಅವ್ವನ ತೊಡೆಯ ಮೇಲಿಟ್ಟ. “ಅವ್ವಂಗೆ ಇದಂದ್ರೆ ಜೀವ ಇತ್ರೀ,” ಅಂದ. ಮಣ್ಣು ಹಾಕುವ ಹೊತ್ತಲ್ಲಿ ‘ಅದು ನಂದು’ ಅನ್ನಲಾಗುತ್ತದೆಯೇ?

ಹೊಸ ಪ್ರತಿ ತರಿಸಿದೆ. ಹಾಡಹಗಲು, ಪುಸ್ತಕದಂಗಡಿಯಲ್ಲೇ ಕೂತು ಪ್ಲಾಸ್ಟಿಕ್ ಹರಿದು ಕೊನೆಯ ಅಧ್ಯಾಯ ತೆರೆದೆ. ಹಾಳೆ ತಣ್ಣಗಿತ್ತು, ಹಸಿಮಣ್ಣಿನ ವಾಸನೆ ಬಂತು. ಮೂಲೆಯಲ್ಲಿ ಮೂರು ಬೆರಳಿನ ವಿಭೂತಿ. ಮುಂದಿನ ಹಾಳೆ ತಿರುವಲು ಹೋದರೆ, ಯಾರೋ ಒತ್ತಿ ಹಿಡಿದಂತೆ ಏಳಲೇ ಇಲ್ಲ. ಮರುದಿನ ಆ ಹಾಳೆ ತಾನಾಗಿ ಬಿಡಿಸಿಕೊಂಡಿತ್ತು. ಅದರ ಮೂಲೆಯಲ್ಲೂ ವಿಭೂತಿ. ದಿನಕ್ಕೊಂದೇ ಹಾಳೆ. ಗೆಳೆಯರೆಲ್ಲ “ಮುಗೀತಾ? ಕೊನೆ ಹೆಂಗೈತಿ?” ಎಂದು ಪ್ರಾಣ ತಿನ್ನುತ್ತಿದ್ದರು. ಟೀಚರ್ ಓದಿದಷ್ಟೇ ನಾನೂ ಓದಬೇಕು. ಮೊದಲೇ ಅವರದು ನಿಧಾನದ ಓದು.

ಕೊನೆಗೂ ನಿನ್ನೆ ಮುಗಿಯಿತು. ಪೀಡೆ ಕಳೆಯಿತು ಅಂದುಕೊಂಡೆ.

ಇವತ್ತು ಸೊರಬದ ಗೆಳತಿ ಶಾಲಿನಿ ಅದೇ ಲೇಖಕಿಯ ಹೊಸ ಕಾದಂಬರಿಯನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿ ಫೋನ್ ಮಾಡಿದಳು: “ಇನ್ನೂ ಯಾರೂ ಮುಟ್ಟಿಲ್ಲ ಕಣ್ರೀ, ಮೊದ್ಲು ನೀವೇ ಓದಿ.”

ಪ್ಲಾಸ್ಟಿಕ್ ಹರಿದಿದ್ದೇನೆ. ಮುಖಪುಟವೇ ಏಳುತ್ತಿಲ್ಲ.