ಮೂವತ್ತು ದಿನದ ಬುಟ್ಟಿ

ಗುಬ್ಬಿ ಪರದೆಯ ಅಂಚಿನ ದಾರ ಕತ್ತರಿಸುತ್ತಿದ್ದಳು. ಹೊಲಿದ ಮೇಲೆ ಉಳಿಯುವ ಸಣ್ಣ ಸಣ್ಣ ತುದಿಗಳು. ಎಡಗೈ ಬೆರಳಿನಿಂದ ಸವರುತ್ತ ಹೋಗಬೇಕು, ಸಿಕ್ಕಲ್ಲಿ ಕತ್ತರಿ ಇಡಬೇಕು. ಇಸ್ತ್ರಿ ಅಕ್ಕ ಊಟಕ್ಕೆ ಹೋಗಿದ್ದಳು. ಕತ್ತರಿಯ ಕಿಚಕಿಚ ಬಿಟ್ಟರೆ ಕೋಣೆಯಲ್ಲಿ ಸದ್ದೇ ಇರಲಿಲ್ಲ.

ಅವಳ ಕಣ್ಣು ಮಾತ್ರ ಮೇಜಿನ ಮೇಲಿದ್ದ ಟ್ಯಾಬ್ ಬಿಟ್ಟು ಕದಲಲಿಲ್ಲ. ಅದರ ನೆತ್ತಿಯ ಮೇಲೆ ಬೆಳಿಗ್ಗೆಯಿಂದ ಒಂದೇ ಕೆಂಪು ಪಟ್ಟಿ: ‘ಸ್ಟೋರೇಜ್ ತುಂಬಿದೆ. ಹೊಸ ಫೈಲ್ ಸೇರಿಸಲು ಆಗುವುದಿಲ್ಲ.’

ಎರಡು ಸಲ ಪ್ರಯತ್ನಿಸಿದ್ದಳು. ಎರಡು ಸಲವೂ ಅದೇ ಉತ್ತರ. ಇವತ್ತು ಗುರುವಾರ. ಸಂಜೆಯೊಳಗೆ ಅವಳ ಮಾತು ಮುಟ್ಟದಿದ್ದರೆ ಅವನು ಕೆಲಸ ಬಿಟ್ಟು ಹೊರಟುಬಿಡುತ್ತಾನೆ.

ಅವನು ಅಂಗಡಿಯ ಅಳತೆಯವನು. ಮನೆಮನೆಗೆ ಹೋಗಿ ಕಿಟಕಿ ಅಳೆದು, ಫೋಟೊ ತೆಗೆದು, ಅಂಗಡಿಯ ಅಕೌಂಟಿಗೆ ಹಾಕುವುದು ಅವನ ಕೆಲಸ. ಟ್ಯಾಬಿನಲ್ಲಿ ಅದನ್ನು ನೋಡಿ ಹೊಲಿಯುವುದು ಗುಬ್ಬಿಯ ಕೆಲಸ. ಏಳನೇ ತರಗತಿಗೆ ಶಾಲೆ ಬಿಟ್ಟು ಚಿಕ್ಕಮ್ಮನ ಈ ಪರದೆ ಅಂಗಡಿಗೆ ಬಂದವಳು ಅವಳು. ಮಾತು ಕಡಿಮೆ, ಕಣ್ಣು ಚುರುಕು. ಅಳತೆಯವನು ಎದುರಿಗೆ ಬಂದರೆ ಮಾತ್ರ ಆ ಕಣ್ಣೂ ಬಟ್ಟೆಯೊಳಗೆ ಹೂತುಹೋಗುತ್ತಿತ್ತು. ಎರಡು ವರ್ಷದಲ್ಲಿ ಅವನಿಗೆ ಬಾಯಿಬಿಟ್ಟು ಹೇಳಿದ್ದು ಎಂದರೆ ‘ಹೂಂ’, ‘ಊಹೂಂ’, ಅಷ್ಟೇ.

ಕಳೆದ ವರ್ಷ ಒಂದು ಕಿಟಕಿಯ ಅಳತೆ ಕಳೆದುಹೋಗಿ, ಚಿಕ್ಕಮ್ಮನ ಬೈಗುಳಕ್ಕೆ ಹೆದರಿ ಹುಡುಕುತ್ತ ಹುಡುಕುತ್ತ ಅವಳು ಟ್ಯಾಬಿನ ಕಸದಬುಟ್ಟಿಗೂ ಇಣುಕಿದ್ದಳು. ಅಲ್ಲೊಂದು ವಿಡಿಯೊ ಬಿದ್ದಿತ್ತು. ಅವಳೇ ಹೊಲಿದ ನೀಲಿ ಪರದೆ, ಯಾರದೋ ಮನೆಯ ಕಿಟಕಿಯಲ್ಲಿ ಗಾಳಿ ತುಂಬಿಕೊಂಡು ಏಳುತ್ತಿತ್ತು, ಇಳಿಯುತ್ತಿತ್ತು. ಕೊನೆಗೆ ಅವನ ಸಣ್ಣ ದನಿ: “ಹೊಲಿದವರು ಇದನ್ನ ನೋಡೋದೇ ಇಲ್ವಲ್ಲ, ಪಾಪ.” ತೆಗೆಯುವುದೇನೋ ತೆಗೆದು, ಆಮೇಲೆ ಚಿಕ್ಕಮ್ಮ ನೋಡಿಯಾಳೆಂದು ಅಳಿಸಿದ್ದ.

ನಿಜ. ತಾನು ಹೊಲಿದ ಪರದೆ ಕಿಟಕಿಯಲ್ಲಿ ನಿಂತದ್ದನ್ನು ಗುಬ್ಬಿ ಅವತ್ತಿನವರೆಗೆ ನೋಡಿಯೇ ಇರಲಿಲ್ಲ. ಏಳು ಸಲ ನೋಡಿದಳು. ಮಾರನೆಯ ದಿನ ರಟ್ಟಿನ ಚೂರಿನ ಮೇಲೆ ‘ನೋಡಿದೆ’ ಎಂದು ಬರೆದು, ಫೋಟೊ ತೆಗೆದು, ಅಳಿಸಿದಳು. ಅಳಿಸಿದ್ದು ಬುಟ್ಟಿಗೆ ಬಿತ್ತು. ಅಕೌಂಟು ಒಂದೇ, ಅವನ ಫೋನಿನಲ್ಲೂ ಅದೇ ಬುಟ್ಟಿ.

ಅಲ್ಲಿಂದ ಶುರು. ಅವಳ ಕೈಯಲ್ಲಿ ಫೋನಿಲ್ಲ. ಅಂಗಡಿಯ ತುಂಬ ಕಣ್ಣು, ಕಿವಿ. ಆದರೆ ಕಸದಬುಟ್ಟಿಯನ್ನು ಯಾರು ಕೆದಕುತ್ತಾರೆ? ಅದರಲ್ಲಿ ಬಿದ್ದದ್ದು ಮೂವತ್ತು ದಿನ ಇರುತ್ತದೆ, ಆಮೇಲೆ ತಾನಾಗಿಯೇ ಅಳಿಯುತ್ತದೆ. ಇಪ್ಪತ್ತೊಂಬತ್ತನೆಯ ದಿನದ ಮಾತನ್ನು ಅವಳು ಇನ್ನೊಮ್ಮೆ ನೋಡಿ ಬೀಳ್ಕೊಡುತ್ತಿದ್ದಳು.

ಅವನ ಮುಖವನ್ನು ಅವಳು ನೇರ ನೋಡಿದ್ದಕ್ಕಿಂತ ಕಿಟಕಿಗಾಜಿನಲ್ಲಿ ನೋಡಿದ್ದೇ ಹೆಚ್ಚು. ಕೊರಳಲ್ಲಿ ಟೇಪು, ಹಣೆಗೆ ಬಿದ್ದ ಕೂದಲು, ಫೋನಿನ ಮರೆಯಿಂದ ಒಂದು ಹುಬ್ಬು ಮಾತ್ರ ಮೇಲೆ. ಅವಳಿಗೆಂದೇ ಎತ್ತಿದ ಹುಬ್ಬು. ಒಮ್ಮೆ ಬರೆದಿದ್ದ: ‘ಈ ಪರದೆ ಯಾವಾಗಲೂ ಮುಖ ತಿರುಗಿಸಿಕೊಂಡೇ ಇರುತ್ತೆ. ಹೊಲಿದವರ ಗುಣ.’ ಓದಿ ನಕ್ಕವಳು ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದಳು.

ಭಾನುವಾರದ ವಿಡಿಯೊದಲ್ಲಿ ಪರದೆಯೇ ಇರಲಿಲ್ಲ. ಬರೀ ಖಾಲಿ ಕಿಟಕಿ, ಅವನ ದನಿ. “ದೂರದ ಊರಲ್ಲಿ ಕೆಲಸ ಸಿಕ್ಕಿದೆ. ನೀವು ಬೇಡ ಅಂದ್ರೆ ಹೋಗಲ್ಲ. ಇರು ಅಂದ್ರೆ ನಿಮ್ಮ ಚಿಕ್ಕಮ್ಮನ ಹತ್ರ ನಾನೇ ಮಾತಾಡ್ತೀನಿ. ಗುರುವಾರದೊಳಗೆ ಹೇಳಿ.”

ಚಿಕ್ಕಮ್ಮನ ಹತ್ತಿರ! ಹಿಂದೆ ಡೆಲಿವರಿಯವನ ಜೊತೆ ನಕ್ಕು ಮಾತಾಡಿದಳೆಂದು ಒಬ್ಬ ಹುಡುಗಿಯನ್ನು ನಿಂತ ಕಾಲಲ್ಲೇ ಕಳಿಸಿದವಳು ಚಿಕ್ಕಮ್ಮ. ಸೋಮವಾರ ಗುಬ್ಬಿ ಪೆನ್ನು ಹಿಡಿದಳು, ಇಟ್ಟಳು. ಮಂಗಳವಾರವೂ ಅಷ್ಟೇ. ಬುಧವಾರ ಬರೆದು ಹರಿದಳು. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಬರೆದರೆ, ಈ ಕೆಂಪು ಪಟ್ಟಿ.

ಬಾಗಿಲು ದಢಾರನೆ ತೆರೆಯಿತು. ಚಿಕ್ಕಮ್ಮ ಫೋನನ್ನು ಕಿವಿಗೊತ್ತಿಕೊಂಡೇ ಒಳಗೆ ಬಂದಳು.

“ಫೋಟೊ ಹೋಗ್ತಿಲ್ಲ ಅಂದ್ರೆ ಏನಪ್ಪಾ ಅರ್ಥ? ಆಸ್ಪತ್ರೆಯವರು ಹದಿನೆಂಟು ಕಿಟಕಿಗೆ ನಾಳೆ ಪರದೆ ಕೇಳಿದಾರೆ... ಸರಿ, ನೋಡ್ತೀನಿ.” ಫೋನಿಟ್ಟು ಗುಬ್ಬಿಯತ್ತ ತಿರುಗಿದಳು. “ಅಳತೆಯವನ ಒಂದು ಫೋಟೊನೂ ಬರ್ತಿಲ್ಲವಂತೆ. ಜಾಗ ಇಲ್ಲವಂತೆ. ತಾ ಇಲ್ಲಿ ಟ್ಯಾಬು. ಇಬ್ಬರೂ ಕೂತು ಬೇಡದ್ದೆಲ್ಲ ಅಳಿಸೋಣ.”

ಗುಬ್ಬಿ ಟ್ಯಾಬನ್ನು ತನ್ನತ್ತ ಎಳೆದುಕೊಂಡಳು. “ನಾನೊಬ್ಬಳೇ ಅಳಿಸ್ತೀನಿ ಚಿಕ್ಕಮ್ಮ. ನಿಮಗೆ ಕೆಲಸ ಇರುತ್ತೆ...”

“ಕೆಲಸ ಇದೇ ತಾನೆ? ಜರುಗು.”

ಚಿಕ್ಕಮ್ಮ ಮೈಗೆ ಮೈ ತಾಗಿಸಿ ಕೂತಳು. ಊಟ ಮುಗಿಸಿ ಬಂದ ಇಸ್ತ್ರಿ ಅಕ್ಕನೂ ಹಿಂದೆ ನಿಂತು ಕತ್ತು ಚಾಚಿದಳು. ಐದು ವರ್ಷದ ಕಿಟಕಿಗಳು ಒಂದೊಂದೇ ಹೋದವು. ಆಮೇಲೆ ಚಿಕ್ಕಮ್ಮನ ಸ್ವಂತ ಫೋಟೊಗಳು ಬಂದವು. ಬಟ್ಟೆಯ ಥಾನು ಹಿಡಿದು ನಿಂತ ಚಿಕ್ಕಮ್ಮ, ನಲವತ್ತು ಸಲ.

“ಇದು ಇರಲಿ, ಇದರಲ್ಲಿ ತೆಳ್ಳಗೆ ಕಾಣ್ತೀನಿ.”

“ತೆಳ್ಳಗಿರೋದು ಬಟ್ಟೆ ಕಣಕ್ಕಾ,” ಎಂದಳು ಇಸ್ತ್ರಿ ಅಕ್ಕ.

“ಬಾಯ್ಮುಚ್ಕೊಂಡು ಇಸ್ತ್ರಿ ಪೆಟ್ಟಿಗೆ ಕಾಯಿಸು ಹೋಗು.”

ಗುಬ್ಬಿಗೆ ನಗು ಬರಲಿಲ್ಲ. ಟ್ಯಾಬಿನ ಒಂದು ಮೂಲೆಯಲ್ಲಿ ಪುಟ್ಟ ಬುಟ್ಟಿಯ ಚಿತ್ರವಿತ್ತು. ಚಿಕ್ಕಮ್ಮನ ಬೆರಳು ಅದರ ಪಕ್ಕದಿಂದ ಹಾದಾಗಲೆಲ್ಲ ಅವಳ ಉಸಿರು ನಿಂತು ಹೊರಡುತ್ತಿತ್ತು.

“ಮುನ್ನೂರು ಅಳಿಸಿದ್ರೂ ಕೆಂಪು ಪಟ್ಟಿ ಕೂದಲೆಳೆಯಷ್ಟೂ ಇಳಿದಿಲ್ಲವಲ್ಲೇ! ಏನು ಮಾಯ ಇದು?” ಚಿಕ್ಕಮ್ಮ ಪಟ್ಟಿಯನ್ನೇ ಒತ್ತಿದಳು. ಸಣ್ಣ ಅಕ್ಷರದ ಸಾಲುಗಳು ಬಂದವು. ಕನ್ನಡಕ ಏರಿಸಿ ಒಂದೊಂದೇ ಪದ ಕೂಡಿಸಿ ಓದಿದಳು: “‘ಕಸದಬುಟ್ಟಿಯಲ್ಲಿರುವ... ಫೈಲ್‌ಗಳೂ... ಜಾಗ ಹಿಡಿಯುತ್ತವೆ.’ ಅಯ್ಯೋ ಶಿವನೇ! ಕಸಕ್ಕೂ ಬಾಡಿಗೆಯೇ?”

ಕಸಕ್ಕೆ ಲೆಕ್ಕವೇ ಇಲ್ಲವೆಂದು ಗುಬ್ಬಿ, ಅಳತೆಯವನು ಇಬ್ಬರೂ ನಂಬಿದ್ದರು. ಈ ತಿಂಗಳು ಅವನ ವಿಡಿಯೊಗಳು ಉದ್ದವಾಗಿದ್ದವು. ಹೋಗುವ ಯೋಚನೆಯಲ್ಲಿದ್ದವನು, ತೋರಿಸುವುದೆಲ್ಲ ತೋರಿಸಿಬಿಡುವ ಆಸೆಯೇನೋ. ಅವಳ ಒಂದು ಪದಕ್ಕೆ ಜಾಗ ಇಲ್ಲದಂತೆ ಮಾಡಿದ್ದು ಅವನ ಮಾತುಗಳೇ.

“ಏನೇನಿದೆ ನೋಡೋಣ ಅದರಲ್ಲಿ,” ಎಂದು ಚಿಕ್ಕಮ್ಮ ಬೆರಳು ಎತ್ತಿದಳು.

“ಕಸ ಚಿಕ್ಕಮ್ಮಾ!” ಗುಬ್ಬಿ ಟ್ಯಾಬನ್ನು ಕಸಿದೇಬಿಟ್ಟಳು. “ನಾನು ಸುರೀತೀನಿ. ನೀವ್ಯಾಕೆ ಕೈ ಗಲೀಜು ಮಾಡ್ಕೊಳ್ತೀರಿ?”

“ಟ್ಯಾಬಲ್ಲಿರೋ ಕಸ ಕೈಗೆ ಮೆತ್ಕೊಳ್ಳುತ್ತಾ ಹುಚ್ಚಿ?” ಚಿಕ್ಕಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. “ಯಾಕೆ ಬೆವರ್ತಿದೀಯ?”

“ಸೆಕೆ.”

ಟ್ಯಾಬನ್ನು ಎದೆಗೆ ಓರೆಮಾಡಿ ಹಿಡಿದು ಬುಟ್ಟಿ ಒತ್ತಿದಳು. ಚಿಕ್ಕ ಚಿಕ್ಕ ಚೌಕಗಳು. ಬಿಳಿ ಪರದೆ, ಹಸಿರು ಪರದೆ, ಗಾಜಿನೊಳಗಿನ ಹುಬ್ಬು, ಖಾಲಿ ಕಿಟಕಿ. ಒಂದನ್ನಾದರೂ ಉಳಿಸಿಕೊಳ್ಳಬಹುದೇ? ಎಲ್ಲಿಡುವುದು? ಟ್ಯಾಬಿನ ಯಾವ ಮೂಲೆಯೂ ಅವಳದಾಗಿರಲಿಲ್ಲ.

‘ಎಲ್ಲ ಫೈಲ್‌ಗಳೂ ಶಾಶ್ವತವಾಗಿ ಅಳಿಯುತ್ತವೆ. ಮತ್ತೆ ಸಿಗುವುದಿಲ್ಲ. ಖಚಿತವೇ?’

ಚಿಕ್ಕಮ್ಮನ ಗಲ್ಲ ಅವಳ ಹೆಗಲ ಹತ್ತಿರ ಬಂದಿತ್ತು. ಗುಬ್ಬಿ ಕಣ್ಣು ಮುಚ್ಚಿ ಒತ್ತಿದಳು.

ಪಟ್ಟಿ ಕೆಂಪು ಕಳೆದು ಹಸಿರಾಯಿತು. ತಡೆ ತೆಗೆದ ನೀರಿನಂತೆ ಆಸ್ಪತ್ರೆಯ ಕಿಟಕಿಗಳು ಟಣ್ ಟಣ್ ಎಂದು ಬರತೊಡಗಿದವು. ಗಾಜಿನಲ್ಲಿ ಅವನಿದ್ದ. ಹುಬ್ಬು ಏರಿರಲಿಲ್ಲ.

ಈಗ ಜಾಗ ಇತ್ತು. ಒಂದು ನಿಮಿಷ ಸಿಕ್ಕರೆ ಸಾಕು, ಒಂದು ರಟ್ಟಿನ ಚೂರು. ಆದರೆ ಚಿಕ್ಕಮ್ಮ ಟ್ಯಾಬ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. “ಇನ್ಮೇಲೆ ದಿನಾ ಈ ಬುಟ್ಟಿ ನಾನೇ ಸುರೀತೀನಿ. ಅಳತೆ ಓದ್ತೀನಿ, ಕತ್ತರಿಸು ಬಾ.”

ಗಡಿಯಾರದಲ್ಲಿ ನಾಲ್ಕು ದಾಟಿತು. ಹನ್ನೊಂದು ಕಿಟಕಿಯ ಬಟ್ಟೆ ಕತ್ತರಿಸಿದರು. ಚಿಕ್ಕಮ್ಮ ಕದಲಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಅಳತೆಯವನು ಒಳಗೆ ಬಂದ. ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟ. ಅದರ ಪಕ್ಕ ಅಂಗಡಿಯ ಬೀಗದ ಕೈ.

“ನಾಳೆಯಿಂದ ಬರಲ್ಲ ಮೇಡಂ. ಬೇರೆ ಕಡೆ ಕೆಲಸ ಸಿಕ್ಕಿದೆ.”

“ಇದ್ದಕ್ಕಿದ್ದ ಹಾಗೆ ಬರಲ್ಲ ಅಂದ್ರೆ ಹೇಗಪ್ಪಾ? ಮೊದಲೇ ಒಂದು ಮಾತು ಹೇಳಬಾರದಾ?”

“ಹೇಳಿದ್ದೆ.” ಅವನು ಹೊಲಿಗೆ ಯಂತ್ರದ ಕಡೆ ನೋಡಿದ. ಕಾಯುವ ನೋಟವಲ್ಲ ಅದು. ಇನ್ನು ಕಾಯಬೇಕಾದ್ದಿಲ್ಲ ಎಂದುಕೊಂಡವನ ಮೆಲ್ಲಗಿನ ನೋಟ. “ಉತ್ತರ ಬರಲಿಲ್ಲ. ಇರಲಿ ಬಿಡಿ.”

“ಯಾರಿಗೆ ಹೇಳಿದ್ದೆ?” ಎಂದಳು ಚಿಕ್ಕಮ್ಮ.

ಅವನು ಬಾಗಿಲ ಕಡೆ ತಿರುಗಿದ. ಚಪ್ಪಲಿಗೆ ಒಂದು ಕಾಲು ತೂರಿಸಿದ.

ಗುಬ್ಬಿ ಎದ್ದು ನಿಂತಳು. ತೊಡೆಯ ಮೇಲಿದ್ದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಇಸ್ತ್ರಿ ಅಕ್ಕ ಪೆಟ್ಟಿಗೆ ಎತ್ತಿದವಳು ಎತ್ತಿಕೊಂಡೇ ನಿಂತಳು. ಚಿಕ್ಕಮ್ಮ ನಿಧಾನವಾಗಿ ಕನ್ನಡಕ ತೆಗೆದಳು. ಅವನು ಬಾಗಿಲ ಚೌಕಟ್ಟು ಹಿಡಿದು, ಬೆನ್ನು ತಿರುಗಿಸಿದಂತೆಯೇ, ನಿಂತ.

“ಹೋಗಬೇಡಿ,” ಎಂದಳು ಗುಬ್ಬಿ.

ಅವನು ತಿರುಗಿದಾಗಲೂ ಅವಳು ಕಣ್ಣು ತಗ್ಗಿಸಲಿಲ್ಲ.

“ಇಲ್ಲೇ ಇರಿ.”