ಉಪ್ಪು ಇಳಿಯುವ ತನಕ

ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ರೇಣುಕಾದೇವಿ ಮಿರ್ಚಿ ಕರಿಯಲು ನಿಂತರೆ ಲಿಂಗಸುಗೂರಿನ ಎಮ್ಮೆಗಳು ಸೀನುತ್ತಿದ್ದವು. ಬಳಗಾನೂರಿನ ಬೀರಲಿಂಗ, ಕಾಲುವೆಯ ಗೇಟು ಎತ್ತಿ ಇಳಿಸುವವನು, ಒಂದು ವರ್ಷದಲ್ಲಿ ಅವಳ ಮಿರ್ಚಿ ಒಂದು ಲಾರಿ ಲೋಡು ತಿಂದಿದ್ದ. ಅವನ ಓರೆನೋಟಕ್ಕೆ ಒಲೆಯೇ ಬೇಕಿರಲಿಲ್ಲ, ಎಣ್ಣೆ ತಾನೇ ಕಾಯುತ್ತಿತ್ತು. ಬಾಯಿಂದ ಮಾತ್ರ "ಇನ್ನೆರಡು ಹಾಕ್ರಿ" ಬಿಟ್ಟು ಬೇರೇನೂ ಹೊರಟಿರಲಿಲ್ಲ.

ಆರು ದಿನದ ಹಿಂದೆ ಗ್ಯಾಸ್ ಪೈಪಿಗೆ ಬೆಂಕಿ ಹತ್ತಿದಾಗ ಅವಳನ್ನು ಆಚೆ ನೂಕಿ ತಾನು ಸುಟ್ಟುಕೊಂಡ. ಎದೆ, ಬೆನ್ನು, ಎರಡೂ ತೋಳು. ತಂದೆ ತಾಯಿ ಇಲ್ಲದವನು. ಸಿಂಧನೂರಿನ ಆಸ್ಪತ್ರೆಯಲ್ಲಿ ಅವಳೇ ಕೂತಳು.

"ನೀ ಇವರಿಗೆ ಏನಾಗಬೇಕವ್ವಾ?" ನರ್ಸ್ ಕಸ್ತೂರೆಮ್ಮ ಕೇಳಿದ್ದಳು.

"ಮಿರ್ಚಿ ಮಾಡಿ ಕೊಡ್ತೀನ್ರಿ."

ಇವತ್ತು ಬೆಳಗ್ಗೆ ಅವನು ಅವಳನ್ನು ಗುರುತಿಸಲಿಲ್ಲ. ಒಣಗಿದ ನಾಲಿಗೆಯಲ್ಲಿ "ಗೇಟು ಎತ್ರಿ, ನೀರು ಬಿಡ್ರಿ" ಎಂದು ಬಡಬಡಿಸಿ ಕಣ್ಣು ಮುಚ್ಚಿದ.

ಡಾಕ್ಟರ್ ಇಲಿಯಾಸ್ ರಿಪೋರ್ಟ್ ಹಿಡಿದು ಬಂದರು. "ಸೋಡಿಯಂ, ಅಂದ್ರ ರಕ್ತದಾಗಿನ ಉಪ್ಪು, ನೂರಾ ಅರವತ್ತೆಂಟು ಆಗೈತಿ. ನೂರಾ ನಲವತ್ತೈದು ದಾಟಬಾರದು. ಸುಟ್ಟ ಮೈಯಿಂದ ನೀರು ಆರಿ ಹೋಗ್ತೈತಿ, ಮ್ಯಾಲೆ ಜ್ವರ. ನೀರು ಕುಡಿಸಾಕತ್ತಿದ್ದಿಲ್ಲೇನು?"

"ನೀರು ಕೊಟ್ರ ಗಾಯ ಕೀವಾಗ್ತೈತಿ ಅಂದ್ರು ರೀ ಎಲ್ಲಾರೂ. ಅದಕ್ಕ ಓಆರ್‌ಎಸ್ ಕೊಟ್ಟೆ. ಶಕ್ತಿ ಬರ್ಲಿ ಅಂತ ಒಂದು ಲೋಟಕ್ಕ ಎರಡು ಪಾಕೀಟು."

"ಒಂದು ಪಾಕೀಟಿಗೆ ಒಂದು ಲೀಟರ್ ನೀರವ್ವಾ." ಡಾಕ್ಟರ ದನಿ ಇಳಿಯಿತು.

"ಈಗ ಕೊಡಗಟ್ಟಲೆ ಕುಡಿಸ್ತೀನ್ರಿ. ಡ್ಯಾಮೇ ಹೊತ್ತು ತರ್ತೀನಿ."

"ಒಮ್ಮೆಲೆ ಇಳಿಸಿದ್ರ ಮೆದುಳು ಬಾತು ಫಿಟ್ಸ್ ಬರ್ತಾವ. ಮೂಗಿನ ನಳಿಗೆಯಿಂದ ಬರೇ ನೀರು, ಕೈಗೆ ಗ್ಲೂಕೋಸ್ ಬಾಟ್ಲಿ. ತಾಸಿಗೆ ಇಷ್ಟೇ ಅಂತ. ಉಳೀತಾನಂತ ಈಗ ಹೇಳಾಕ ಬರಂಗಿಲ್ಲ."

ನಾಲ್ಕು ತಾಸಿಗೊಮ್ಮೆ ರಕ್ತ ತೆಗೆದರು. ನೂರಾ ಅರವತ್ತಾರು. ಅರವತ್ತೈದು. ಮತ್ತೆ ಅರವತ್ತಾರು. ಅವಳಿಗೆ ಒಂದೊಂದು ತಾಸೂ ಒಂದೊಂದು ಶತಮಾನ. ಅವಳ ಕಣ್ಣೀರಿಗೆ ವಾರ್ಡಿನಲ್ಲಿ ಭತ್ತ ನಾಟಿ ಮಾಡಬಹುದಿತ್ತು. ಆದರೇನು, ಅದೂ ಉಪ್ಪುನೀರೇ, ಅವನಿಗೆ ಉಪಯೋಗವಿಲ್ಲ.

ಮೂರನೆಯ ದಿನ ಮಧ್ಯಾಹ್ನ, ನೂರಾ ಐವತ್ತೆರಡಕ್ಕೆ, ಅವನು ಕಣ್ಣು ತೆರೆದ. ನೋಡಿದ. ಅದೇ ಓರೆನೋಟ.

"ಆ ಉಪ್ಪು ನಾನೇ ಕುಡಿಸಿದ್ದು ರೀ," ಅವಳು ಬಿಕ್ಕಿದಳು. "ಕೈಯಾರೆ ಕೊಲ್ತಿದ್ದೆ."

ಅವನ ತುಟಿ ಬಹಳ ಹೊತ್ತು ಒದ್ದಾಡಿತು. "ನಿನ್ನ ಮಿರ್ಚಿಗೂ ಉಪ್ಪು ಜಾಸ್ತಿನ ಇತ್ತು. ವರ್ಷಪೂರ್ತಿ ತಿಂದೀನಿ."

ಮೊದಲ ಸಲ ಅವನು 'ರೀ' ಬಿಟ್ಟಿದ್ದ.

"ಯಾಕ ಹೇಳ್ಲಿಲ್ಲ?"

"ಹೇಳಿದ್ರ, ನೀ ಮಾರಿ ತಿರುವಿದ್ರ?"

ಕಸ್ತೂರೆಮ್ಮ ಅಳೆದಿಟ್ಟ ಲೋಟದಿಂದ ಅವಳು ಒಂದು ಚಮಚ ಸಪ್ಪೆ ನೀರು ಎತ್ತಿದಳು.

"ಬಾಯಿ ತೆಗಿ."

ಕುಡಿದ. "ಇನ್ನೆರಡು ಹಾಕು."

"ಊಹೂಂ, ತಾಸಿಗೆ ಇಷ್ಟೇ." ಅವಳು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡಳು. "ನಾ ಎಲ್ಲೂ ಹೋಗಂಗಿಲ್ಲ."